ಮಲ್ಲರಂಗದಲ್ಲಿ ನೋಟಕರ ಅಧಿಕಾರ
(ರೋಣ, ನರಗುಂದ, ಗಜೇಂದ್ರಗಡ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ)

ಮಲ್ಲವಿದ್ಯೆಯ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಮಲ್ಲರ ಹೆಸರುಗಳನ್ನೂ ಅವರಿಗೆ ಆಶ್ರಯವಿತ್ತ ಅರಸರ ಹೆಸರುಗಳನ್ನೂ ಹೇಳಿ ಮುಗಿಸುವೆವು. ಕಣದ ಸುತ್ತಲೂ ನೆರೆದು, ಹುರಿದುಂಬಿಸಿ, ಹಳಿದು, ಕೆಲವೊಮ್ಮೆ ಹಿಡಿದ ಕುಸ್ತಿಯನ್ನೇ ಬಿಡಿಸುವ ಜನಸಮೂಹಕ್ಕೆ ಆ ಚರಿತ್ರೆಯಲ್ಲಿ ಸ್ಥಳ ದೊರೆಯುವದು ಕಡಮೆ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಜಾತ್ರೆಯ ಕುಸ್ತಿಯನ್ನು ಒಂದು ಸಲವಾದರೂ ನೋಡಿದವರಿಗೆ ಈ ಸಮೂಹವು ಬರಿಯ ಸಾಕ್ಷಿಯಲ್ಲವೆಂಬುದು ವಿದಿತವೇ ಇದೆ. ಯಾವನು ಯಾವನೊಡನೆ ಹಿಡಿಯಬೇಕು, ಕುಸ್ತಿಯು ಎಲ್ಲಿಯ ವರೆಗೆ ನಡೆಯಬೇಕು, ಯಾವನ ಹೆಸರು ಊರೂರಿಗೆ ಹಬ್ಬಬೇಕು, ಈ ಮೂರರಲ್ಲಿಯೂ ನೋಟಕರ ದನಿಗೆ ಪಾಲುಂಟು. ಈ ಅಧಿಕಾರವು ಹೇಗೆ ಬಂದಿತು, ಅದರ ಎಲ್ಲೆಯೇನು, ಎಲ್ಲೆ ಮೀರಿದರೆ ಮಲ್ಲನ ಪಾಡೇನು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ಒಂದು ಎಚ್ಚರಿಕೆಯ ಮಾತು. ಈ ಸೀಮೆಯ ಶಾಸನಗಳಲ್ಲಿ ‘ಮಲ್ಲ’ ಶಬ್ದವು ಹೆಜ್ಜೆ ಹೆಜ್ಜೆಗೆ ದೊರೆಯುವದು. ಕಲ್ಯಾಣದ ಚಾಲುಕ್ಯ ಅರಸರ ಬಿರುದುಗಳೇ ಹಾಗಿವೆ: ಎರಡನೆಯ ಜಯಸಿಂಹನು ಜಗದೇಕಮಲ್ಲ, ಒಂದನೆಯ ಸೋಮೇಶ್ವರನು ತ್ರೈಲೋಕ್ಯಮಲ್ಲ ಹಾಗೂ ಆಹವಮಲ್ಲ, ಎರಡನೆಯ ಸೋಮೇಶ್ವರನು ಭುವನೈಕಮಲ್ಲ, ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ, ಮೂರನೆಯ ಸೋಮೇಶ್ವರನು ಭೂಲೋಕಮಲ್ಲ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯ ಶಾಸನಗಳನ್ನು ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ ೧೫ನೆಯ ಸಂಪುಟದಲ್ಲಿ ಪ್ರಕಟಿಸಿದ್ದು, ಅವುಗಳಲ್ಲಿ ಇಂತಹ ಬಿರುದುಗಳನ್ನು ಕಾಣಬಹುದು. ಅದೇ ಸೂಡಿಯಲ್ಲಿ ಜಯಸಿಂಹನ ಅಕ್ಕನಾದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದಳು. ಆದರೆ ಬಿರುದನ್ನು ಕಂಡ ಮಾತ್ರಕ್ಕೆ ಅರಸನು ಕಣಕ್ಕಿಳಿದು ಕುಸ್ತಿ ಹಿಡಿದನೆಂದು ಊಹಿಸಲಾಗದು. ಇಲ್ಲಿ ಮಲ್ಲನೆಂದರೆ ಸರಿಸಾಟಿಯಿಲ್ಲದ ವೀರನೆಂದಷ್ಟೇ ಅರ್ಥ. ಸೂಡಿಯ ಮಲ್ಲಿಕಾರ್ಜುನ ದೇವರ ಹೆಸರನ್ನು ಮಲ್ಲವಿದ್ಯೆಗೆ ತಳಕು ಹಾಕುವದಂತೂ ಸಲ್ಲದು. ಆ ಹೆಸರಿನ ದಾರಿಯೇ ಬೇರೆ. ಬಿರುದುಗಳಿಂದ ನಿಶ್ಚಯವಾಗಿ ತಿಳಿಯುವ ಸಂಗತಿಯು ಇಷ್ಟೇ: ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಈ ನಾಡಿನ ಅರಸನು ತನ್ನ ಪರಾಕ್ರಮವನ್ನು ಲೋಕಕ್ಕೆ ತಿಳಿಸಬೇಕೆಂದಾಗ ಮಲ್ಲನ ಉಪಮಾನವನ್ನು ಆರಿಸಿಕೊಂಡನು. ಜನರ ಕಣ್ಣಿಗೆ ಕಟ್ಟಿದ ಪರಿಚಿತ ಚಿತ್ರವಲ್ಲದಿದ್ದರೆ ಅದನ್ನು ಬಿರುದಿಗೆ ತರುವ ಕಾರಣವಿರಲಿಲ್ಲ.

ಬಿರುದಿನಿಂದ ವಿದ್ಯೆಗೆ ಬರಲು ಭೂಲೋಕಮಲ್ಲ ಸೋಮೇಶ್ವರನ ‘ಮಾನಸೋಲ್ಲಾಸ’ವೇ ನಮಗೆ ಸೇತುವೆಯಾಗಿದೆ. ಕ್ರಿ. ಶ. ೧೧೨೯ರ ಸುಮಾರಿಗೆ ಪೂರ್ಣವಾದ ಈ ಸಂಸ್ಕೃತ ಗ್ರಂಥವು ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿರುವದು. ಐದು ವಿಂಶತಿಗಳಲ್ಲಿ ನಾಲ್ಕನೆಯದು ಅರಸನ ವಿನೋದಗಳಿಗೆ ಮೀಸಲಾಗಿದ್ದು, ಅದರಲ್ಲಿ ಮಲ್ಲವಿನೋದವೂ ಒಂದಾಗಿದೆ. ಮಲ್ಲರನ್ನು ವಯಸ್ಸು, ದೇಹ, ಬಲ, ಕೌಶಲ ಇವುಗಳನ್ನು ನೋಡಿ ಜ್ಯೇಷ್ಠಿಕರು ಮೊದಲಾದ ತರಗತಿಗಳಲ್ಲಿ ವಿಂಗಡಿಸಬೇಕೆಂದು ಗ್ರಂಥಕರ್ತನು ಹೇಳುವನು. ಅವರ ಆಹಾರವನ್ನೂ ಅಭ್ಯಾಸವನ್ನೂ ವಿಧಿಸುವನು. ಭಾರವನ್ನೆತ್ತುವ ಶ್ರಮ, ನಡೆದಾಡುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ತೋಳುಗಳ ಶ್ರಮ, ಕಂಬವನ್ನು ಹಿಡಿದು ಮಾಡುವ ಶ್ರಮ ಎಂಬ ಭೇದಗಳಲ್ಲಿ ಕೊನೆಯದು ಇಂದಿನ ಮಲ್ಲಕಂಬದ ಹಿರಿಯ ರೂಪವೆಂದು ವಿದ್ವಾಂಸರು ಒಪ್ಪಿರುವರು. ಜ್ಯೇಷ್ಠಿಕ ಶಬ್ದವೇ ನಮ್ಮ ಜಟ್ಟಿಯಾಗಿ ಉಳಿದಿರುವದನ್ನೂ ಇಲ್ಲಿ ಲಕ್ಷಿಸಬೇಕು.

ನಮ್ಮ ವಿಚಾರಕ್ಕೆ ಮುಖ್ಯವಾದದ್ದು ಬೇರೊಂದು. ಮಾನಸೋಲ್ಲಾಸದ ಕಣದಲ್ಲಿ ಲೆಕ್ಕಕ್ಕೆ ಬರುವ ನೋಟಕನು ಒಬ್ಬನೇ, ಅವನೇ ಅರಸನು. ಜೋಡಿಗಳನ್ನು ಒಪ್ಪುವವನು ಅವನು, ನೋಡಿ ಸಂತೋಷಪಡುವವನು ಅವನು, ಉಡುಗೊರೆ ಕೊಡುವವನೂ ಅವನು. ಮಲ್ಲನ ಅನ್ನವು ಒಬ್ಬನ ಮೆಚ್ಚುಗೆಯಿಂದ ಬರುತ್ತಿರುವಾಗ ವಿದ್ಯೆಯು ಆ ಒಬ್ಬನ ರುಚಿಯನ್ನು ಅನುಸರಿಸುವದು ಸಹಜವೇ. ಗ್ರಂಥಕರ್ತನು ತರಗತಿಗಳ ನಿಯಮವನ್ನು ಅಷ್ಟು ಬಿಗಿಯಾಗಿ ಮಾಡಿದ್ದರ ಮರ್ಮವು ಇದರಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪ್ರಶ್ನಿಸುವವರಿಲ್ಲದ ನೋಟಕನಿಗೆ ಶಾಸ್ತ್ರವೊಂದೇ ಕಡಿವಾಣ.

ಅರಸನಲ್ಲದ ನೋಟಕರಿಗೂ ಮಾತಾಡುವ ಅಧಿಕಾರವುಂಟೆಂಬ ಭಾವನೆಯು ಇದಕ್ಕೂ ಹಳೆಯದು. ಭಾಗವತದ ದಶಮಸ್ಕಂಧದಲ್ಲಿ ಕಂಸನ ಮಲ್ಲರಂಗದ ಪ್ರಸಂಗವು ನಮ್ಮ ಹಳ್ಳಿಗರಿಗೂ ಬಾಯಿಪಾಠವಾದದ್ದು. ಚಾಣೂರನು ಕರೆದಾಗ ಕೃಷ್ಣನು, ನಾವು ಬಾಲಕರು, ಸಮಬಲರೊಡನೆ ಆಡುವೆವು, ಇಲ್ಲವಾದರೆ ಮಲ್ಲಸಭೆಯಲ್ಲಿ ಕುಳಿತವರಿಗೆ ಅಧರ್ಮವು ತಗಲೀತೆಂಬ ಅರ್ಥದ ಮಾತನ್ನಾಡುವನು. ಕುಸ್ತಿಯು ಆರಂಭವಾದ ಮೇಲೆ ಮಥುರೆಯ ಹೆಂಗಸರು ಗುಂಪುಗೂಡಿ ಇದನ್ನೇ ಹೇಳುವರು: ಜೋಡಿಯು ಸರಿಯಿಲ್ಲ, ಅರಸನು ನೋಡುತ್ತಿರುವಾಗ ಇದಕ್ಕೆ ಸಮ್ಮತಿಸಿದ ಸಭೆಯು ದೋಷಕ್ಕೆ ಪಾತ್ರವು, ಇಂತಹ ಸಭೆಯಲ್ಲಿ ಇರಲಾಗದು. ಈ ಪ್ರಸಂಗದಲ್ಲಿ ಎರಡು ತತ್ತ್ವಗಳು ಅಡಗಿವೆ. ವಿಷಮ ಜೋಡಿಯ ಪಾಪವು ಹಿಡಿದವರಿಗಷ್ಟೇ ಅಲ್ಲ, ನೋಡುವವರಿಗೂ ತಗಲುವದು, ಇದು ಮೊದಲನೆಯದು. ಪಾಪದಲ್ಲಿ ಪಾಲುಂಟಾದ ಮೇಲೆ ಮಾತಾಡುವದರಲ್ಲಿಯೂ ಪಾಲುಂಟು, ಇದು ಎರಡನೆಯದು. ಜಾತ್ರೆಯ ಕಣದಲ್ಲಿ ‘ಜೋಡಿ ಸರಿ ಇಲ್ಲ’ ಎಂದು ಏಳುವ ಕೂಗು ಈ ತತ್ತ್ವದ ದೇಶೀಯ ರೂಪವೇ ಆಗಿದೆ.

ವಿಜಯನಗರ ಕಾಲದ ಇಬ್ಬರು ಪೋರ್ತುಗೀಜರ ಬರಹಗಳು ಈ ವಿಷಯದಲ್ಲಿ ಬಹಳ ಬೆಲೆಯುಳ್ಳವು. ಇವೆರಡನ್ನೂ ಸೂಯೆಲ್ ಮಹಾಶಯರು ೧೯೦೦ರಲ್ಲಿ ತಮ್ಮ ವಿಜಯನಗರ ಚರಿತ್ರೆಯೊಡನೆ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಮಹಾನವಮಿಯ ಉತ್ಸವವನ್ನು ನೋಡಿದ ದೊಮಿಂಗೊ ಪಾಯೆಸನು ಮಲ್ಲರ ಹೊಡೆತಗಳ ಭೀಕರತೆಯನ್ನು ವರ್ಣಿಸುವನು. ಹಲ್ಲುಗಳು ಮುರಿಯುತ್ತಿದ್ದವು, ಮುಖಗಳು ವಿಕಾರವಾಗುತ್ತಿದ್ದವು, ಮಾತಡಗಿದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಆದರೂ ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸುವದಕ್ಕೂ ಗೆದ್ದವನಿಗೆ ಮರ್ಯಾದೆಯನ್ನು ನಿರ್ಣಯಿಸುವದಕ್ಕೂ ಅಲ್ಲಿ ನಾಯಕರೂ ನ್ಯಾಯಾಧಿಕಾರಿಗಳೂ ಇದ್ದರೆಂದು ಅವನು ಸ್ಪಷ್ಟವಾಗಿ ಬರೆದಿರುವನು. ಅಚ್ಯುತರಾಯನ ಕಾಲದ ನೂನಿಜನು ಹೇಳುವದು ಬೇರೆ. ಅರಸನ ಉತ್ಸವಗಳಿಗೆ ಸಾವಿರ ಮಲ್ಲರಿದ್ದರು, ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು, ಹೆಚ್ಚು ಗಾಯಗೊಂಡವನು ಹೋಗಿ ರೇಶಿಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನು.

ಈ ಎರಡು ವಾಕ್ಯಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕು. ಪಾಯೆಸನ ಕಣದಲ್ಲಿ ಬಹುಮಾನವು ಗೆಲುವಿಗೆ; ನೂನಿಜನ ಕಣದಲ್ಲಿ ಗಾಯಕ್ಕೆ. ಒಂದು ಕಡೆ ನೋಟಕನು ವಿದ್ಯೆಯನ್ನು ನೋಡುವನು, ಇನ್ನೊಂದು ಕಡೆ ನೆತ್ತರನ್ನು. ನೆತ್ತರಿಗೆ ವಸ್ತ್ರ ದೊರೆಯುವದೆಂದು ಗೊತ್ತಾದ ಮೇಲೆ ಮಲ್ಲನು ಗೆಲ್ಲುವದಕ್ಕಿಂತ ಗಾಯಗೊಳ್ಳುವದನ್ನೇ ಕಲಿಯುವ ಭಯವುಂಟು. ನೋಟಕರ ಇಚ್ಛೆಯು ಕಾದಾಟದ ಸ್ವರೂಪವನ್ನೇ ಬದಲಿಸಬಲ್ಲದೆಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯಲಾರದು.

ಈ ಮೊನೆಬಳೆಯ ಕಾಳಗದ ಸಂತತಿಯೇ ಮೈಸೂರು ಸೀಮೆಯ ಜಟ್ಟಿಗಳ ವಜ್ರಮುಷ್ಟಿಯೆಂದು ಹೇಳಬಹುದು. ಟಿಪ್ಪೂ ಸುಲ್ತಾನನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲನ ವೃತ್ತಾಂತವು ೧೮೨೪ರಲ್ಲಿ ಅಚ್ಚಾಯಿತು. ಜಟ್ಟಿಗಳು ತಮ್ಮ ಗುರುಗಳನ್ನು ಮುಂದಿಟ್ಟುಕೊಂಡು ಬರುತ್ತಿದ್ದರು, ಒಂದು ಗರಡಿಯವರನ್ನು ಇನ್ನೊಂದು ಗರಡಿಯವರೊಡನೆ ಜೋಡಿ ಮಾಡುತ್ತಿದ್ದರು ಎಂದು ಅವನು ತಿಳಿಸಿರುವನು. ಇಲ್ಲಿಯೂ ಜೋಡಿಯೇ ಮೊದಲು. ಇಂದು ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಕಾಳಗವು ತಲೆಯಿಂದ ಮೊದಲ ಹನಿ ನೆತ್ತರು ತೋರಿದೊಡನೆ ನಿಲ್ಲುವದು. ನೋಟಕರ ಮನಸ್ಸು ಮೃದುವಾದಂತೆ ಕಣದ ನಿಯಮವೂ ಮೃದುವಾಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ಘೋರ್ಪಡೆಯವರ ಗಜೇಂದ್ರಗಡದಲ್ಲಿ ೧೭೮೭ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾಯಿತು. ನರಗುಂದದ ಬಾಬಾಸಾಹೇಬ ಭಾವೆಯು ೧೮೫೮ರಲ್ಲಿ ಬಂಡೆದ್ದು, ಅದೇ ವರ್ಷ ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲ್ಪಟ್ಟನು; ನರಗುಂದದ ಸಂಸ್ಥಾನವು ಮುಳುಗಿತು. ಸಂಸ್ಥಾನಿಕನ ಬೊಕ್ಕಸವಿಲ್ಲದ ಊರಿನಲ್ಲಿ ಕುಸ್ತಿಯ ವೆಚ್ಚವನ್ನು ಹೊರುವವರು ಊರ ಜನರೇ. ದೇವರ ಜಾತ್ರೆಗೆಂದು ಮನೆಮನೆಗೆ ಪಟ್ಟಿ ಎತ್ತುವರು, ಅದರಲ್ಲಿ ಕುಸ್ತಿಯ ಬಾಬತ್ತನ್ನೂ ಸೇರಿಸುವರು. ನೇಗಿಲು ಹಿಡಿಯುವ ಒಕ್ಕಲಿಗನು ನಾಲ್ಕಾಣೆ ಕೊಟ್ಟನೆಂದರೆ ನಾಲ್ಕಾಣೆಯಷ್ಟು ಅರಸನಾದನು. ಮಾನಸೋಲ್ಲಾಸದಲ್ಲಿ ಒಬ್ಬನಲ್ಲಿದ್ದ ಅಧಿಕಾರವು ಹೀಗೆ ಸಾವಿರ ಕೈಗಳಿಗೆ ಹಂಚಿಹೋಯಿತು. ಇದು ಆಶ್ರಯದ ನಾಶವಲ್ಲ, ಆಶ್ರಯದ ಸ್ಥಾನಾಂತರ.

ಇದೇ ಕಾಲದಲ್ಲಿ ಪಡುವಣದ ಕೊಲ್ಹಾಪುರದಲ್ಲಿ ಅರಸನೂ ಜನರೂ ಒಂದೇ ಕಣದಲ್ಲಿ ಕೂಡಿದರು. ಶಾಹೂ ಮಹಾರಾಜರು ೧೯೦೨ರಲ್ಲಿ ಯುರೋಪಿಗೆ ಹೋದಾಗ ರೋಮಿನ ಪ್ರಾಚೀನ ರಂಗಭೂಮಿಯನ್ನು ಕಂಡು, ಅದರ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಅದು ೧೯೧೨ರಲ್ಲಿ ಸಿದ್ಧವಾಯಿತು. ಬೋಗುಣಿಯಂತೆ ಇಳಿಜಾರಾದ ಆ ಮೈದಾನದಲ್ಲಿ ಕಟ್ಟಕಡೆಯವನಿಗೂ ಕಣವು ಕಾಣುವದು; ಕಟ್ಟಕಡೆಯವನ ಕೂಗೂ ಕಣಕ್ಕೆ ಮುಟ್ಟುವದು. ಕನ್ನಡ ಸೀಮೆಯ ಪೈಲವಾನರಿಗೆ ಕೊಲ್ಹಾಪುರದ ತಾಲೀಮುಗಳು ಗುರುಮನೆಗಳಾದವು. ೧೯೫೯ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಯಕ್ಸಂಬೆಯವರೆಂಬುದನ್ನು ಇಲ್ಲಿ ನೆನೆಯಬೇಕು.

ಜಾತ್ರೆಯ ಕಣದಲ್ಲಿ ನೋಟಕರ ಅಧಿಕಾರವು ನಡೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಮ್ಮಣ್ಣಿನ ಕಣದಲ್ಲಿ ಮೊದಲು ಹುಡುಗರ ಜೋಡಿಗಳು, ಕಡೆಗೆ ದೊಡ್ಡ ಜೋಡಿ. ಪೈಲವಾನನು ಕೈಯೆತ್ತಿ ಕಣವನ್ನು ಸುತ್ತುವನು. ಹಲಿಗೆಯ ಬಡಿತದಲ್ಲಿ ಅವನಿಗೆ ಎದುರಾಳಿ ಏಳುವನು. ಹಿರಿಯರು ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ ಮೈಕಟ್ಟನ್ನು ನೋಡುವರು. ಜೋಡಿಯು ವಿಷಮವಾದರೆ ಸುತ್ತಲಿಂದ ಕೂಗು ಏಳುವದು, ಹಿರಿಯರು ಜೋಡಿಯನ್ನು ಮುರಿಯುವರು. ಇದು ನೋಟಕರ ಮೊದಲನೆಯ ಅಧಿಕಾರ. ಕುಸ್ತಿಯು ಬಹಳ ಹೊತ್ತು ನಡೆದು ನಿಕಾಲಿಯಾಗದಿದ್ದರೆ ಸಮವೆಂದು ಬಿಡಿಸಬೇಕೋ ಇನ್ನೂ ಹಿಡಿಸಬೇಕೋ ಎಂಬಲ್ಲಿಯೂ ಜನರ ದನಿಯನ್ನು ಪಂಚರು ಅಲಕ್ಷಿಸಲಾರರು. ಇದು ಎರಡನೆಯದು. ಗೆದ್ದವನು ಕಣವನ್ನು ಸುತ್ತಿ ಬರುವಾಗ ಮೆಚ್ಚಿದವರು ಅವನ ಕೈಗೆ ಹಣವಿಡುವರು. ಸೋತರೂ ಚೆನ್ನಾಗಿ ಹಿಡಿದವನಿಗೂ ಕೆಲವರು ಕೊಡುವರು. ಇದು ಮೂರನೆಯದು. ಆದರೆ ಬೆನ್ನು ಮಣ್ಣಿಗೆ ಹತ್ತಿತೋ ಇಲ್ಲವೋ ಎಂಬುದನ್ನು ಕೂಗು ನಿರ್ಣಯಿಸಲಾಗದು. ಅದನ್ನು ಮಣ್ಣೇ ಹೇಳಬೇಕು. ಮೂರು ಅಧಿಕಾರಗಳೂ ಫಲದ ಹೊಸ್ತಿಲಲ್ಲಿಯೇ ನಿಲ್ಲುವವು, ಒಳಗೆ ಕಾಲಿಡುವದಿಲ್ಲ.

ಹೊಸ್ತಿಲನ್ನು ದಾಟಿದ ಕುಸ್ತಿಯ ಚರಿತ್ರೆಯನ್ನು ತಿಳಿಯಲು ಹೊರದೇಶದ ಕಡೆಗೆ ನೋಡಬೇಕು. ೧೯೧೦ರ ಸಪ್ಟೆಂಬರ ೧೦ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲವಾನನು ಪೋಲೆಂಡಿನ ಝ್ಬಿಸ್ಕೋನೊಡನೆ ಹಿಡಿದನು. ಝ್ಬಿಸ್ಕೋನು ಬೋರಲು ಬಿದ್ದು ನೆಲವನ್ನು ಕಚ್ಚಿ ಹಿಡಿದದ್ದರಿಂದ ಎರಡೂವರೆ ಗಂಟೆ ಕಳೆದರೂ ನಿರ್ಣಯವಾಗಲಿಲ್ಲ. ೧೯೨೮ರಲ್ಲಿ ಪಟಿಯಾಲೆಯಲ್ಲಿ ಅವರಿಬ್ಬರೇ ಮತ್ತೆ ಕೂಡಿದಾಗ ಒಂದು ನಿಮಿಷವೂ ತುಂಬುವ ಮೊದಲೇ ಗಾಮಾ ಗೆದ್ದನು. ಸಾವಿರಾರು ಜನರು ದೂರದಿಂದ ಬಂದು ಕ್ಷಣಮಾತ್ರದ ಕುಸ್ತಿಯನ್ನು ನೋಡಿ ಹೋದರು. ನಿಜವಾದ ಕುಸ್ತಿಯ ಕಾಲಮಾನವು ನೋಟಕನ ಕೈಯಲ್ಲಿರುವದಿಲ್ಲ. ಅದು ಬೇಸರ ತರಿಸುವಷ್ಟು ದೀರ್ಘವೂ ಕಣ್ಣು ಮುಚ್ಚಿ ತೆರೆಯುವಷ್ಟು ಹ್ರಸ್ವವೂ ಆಗಬಹುದು.

ಟಿಕೀಟು ಮಾರುವವನಿಗೆ ಈ ಅನಿಶ್ಚಯವು ಸೊಗಸದು. ೧೯೨೦ರ ದಶಕದಲ್ಲಿ ಅಮೇರಿಕೆಯ ಎಡ್ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಕುಸ್ತಿಗೆ ಕಾಲದ ಮಿತಿಯನ್ನು ಹಾಕಿ, ಹೊಡೆತ ಎಸೆತಗಳನ್ನು ಸೇರಿಸಿ, ಸೋಲು ಗೆಲವುಗಳನ್ನು ಮೊದಲೇ ಗೊತ್ತು ಮಾಡಿ, ಒಂದೇ ಮೇಳದ ಮಲ್ಲರನ್ನು ಊರಿಂದೂರಿಗೆ ಕರೆದೊಯ್ಯುವ ಪದ್ಧತಿಯನ್ನು ಬಲಪಡಿಸಿದರು. ಕುಸ್ತಿಯು ನಾಟಕವಾಯಿತು, ಒಬ್ಬನು ನಾಯಕ, ಇನ್ನೊಬ್ಬನು ಖಳ. ನಮ್ಮ ದೇಶದಲ್ಲಿಯೂ ಸ್ವಾತಂತ್ರ್ಯದ ತರುವಾಯ ದಾರಾಸಿಂಗ್ ಮತ್ತು ಕಿಂಗ್‌ಕಾಂಗರ ಕಾಲದಲ್ಲಿ ಈ ಫ್ರೀಸ್ಟೈಲ್ ಕುಸ್ತಿಯು ದೊಡ್ಡ ಪಟ್ಟಣಗಳನ್ನು ಮರುಳುಗೊಳಿಸಿತು. ೧೯೬೮ರಲ್ಲಿ ಮುಂಬಯಿಯಲ್ಲಿ ಲೂ ಥೆಜನನ್ನು ಸೋಲಿಸಿದ ದಾರಾಸಿಂಗರು ಆ ಮೊದಲೇ ಚಿತ್ರಪಟದ ನಾಯಕರಾಗಿದ್ದರು.

ಫಲವು ಮನುಷ್ಯನ ಕೈಯಲ್ಲಿರುವ ಈ ಬಗೆಯ ಕುಸ್ತಿಯಲ್ಲಿ ನೋಟಕರ ಕೂಗು ಫಲವನ್ನೇ ಬದಲಿಸಬಲ್ಲದು. ಇದಕ್ಕೆ ೨೦೧೪ರ ಒಂದು ಘಟನೆಯು ಸಾಕು. ಆ ವರ್ಷದ ಜನವರಿಯಲ್ಲಿ ಅಮೇರಿಕೆಯ ಪಿಟ್ಸ್‌ಬರ್ಗಿನಲ್ಲಿ ಡಬ್ಲ್ಯು. ಡಬ್ಲ್ಯು. ಇ. ಎಂಬ ಕಂಪನಿಯವರು ಮೂವತ್ತು ಜನರ ಕಾದಾಟದಲ್ಲಿ ಬಟಿಸ್ಟಾ ಎಂಬ ದೈತ್ಯದೇಹಿಗೆ ಗೆಲವನ್ನು ಕೊಟ್ಟರು. ಪ್ರೇಕ್ಷಕರಿಗೆ ಬೇಕಾಗಿದ್ದವನು ಡ್ಯಾನಿಯಲ್ ಬ್ರಾಯನ್ ಎಂಬ ಸಣ್ಣ ಮೈಕಟ್ಟಿನ ಕುಶಲ ಮಲ್ಲನು. ಅವನನ್ನು ಆ ಕಾದಾಟಕ್ಕೆ ಸೇರಿಸಿರಲೇ ಇಲ್ಲ. ಜನರು ಗೆದ್ದವನನ್ನು ಛೀಮಾರಿ ಮಾಡಿ, ಇಲ್ಲದವನ ಹೆಸರನ್ನೇ ಕೂಗಿದರು. ಕೂಗು ವಾರವಾರಕ್ಕೆ ಬೆಳೆಯಿತು. ಕಡೆಗೆ ಎಪ್ರಿಲ್ ೬ರಂದು ನ್ಯೂ ಆರ್ಲಿಯನ್ಸಿನಲ್ಲಿ ಕಂಪನಿಯವರು ಬ್ರಾಯನನಿಗೆ ಪಟ್ಟವನ್ನು ಕಟ್ಟಿದರು. ಅತ್ಯಾಸಕ್ತ ನೋಟಕರ ವಿಜಯವೆಂದು ಇದನ್ನು ಕೊಂಡಾಡುವವರು ಇಂದಿಗೂ ಉಂಟು.

ಆದರೆ ಕತೆಯು ಅಲ್ಲಿಗೆ ಮುಗಿಯಲಿಲ್ಲ. ಕುತ್ತಿಗೆಯ ನೋವಿಗಾಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡ ಬ್ರಾಯನನು ಆ ವರ್ಷದ ಜೂನ್ ತಿಂಗಳಲ್ಲಿಯೇ ಪಟ್ಟವನ್ನು ಕಳೆದುಕೊಂಡನು. ತಲೆಗೆ ಮೇಲಿಂದ ಮೇಲೆ ಬಿದ್ದ ಪೆಟ್ಟುಗಳ ದೆಸೆಯಿಂದ ೨೦೧೬ರಲ್ಲಿ ಕಣವನ್ನೇ ಬಿಡಬೇಕಾಯಿತು. ೨೦೧೮ರಲ್ಲಿ ವೈದ್ಯರ ಒಪ್ಪಿಗೆಯ ಮೇಲೆ ಮರಳಿದನು. ಫಲವು ಗೊತ್ತಾದ ಕಾದಾಟದಲ್ಲಿಯೂ ಬೀಳುವ ಮೈ ನಿಜವಾದದ್ದು. ಜನರು ಮೆಚ್ಚಿದಷ್ಟು ಮಲ್ಲನು ತನ್ನ ಮೈಯನ್ನು ತೆತ್ತನು. ನೂನಿಜನು ಕಂಡ ರೇಶಿಮೆಯ ವಸ್ತ್ರವು ಐದುನೂರು ವರ್ಷಗಳ ಮೇಲೆ ಇನ್ನೊಂದು ಖಂಡದಲ್ಲಿ ಹೊನ್ನಿನ ಪಟ್ಟಿಯಾಗಿ ತೋರಿಕೊಂಡಿತೆಂದರೆ ತಪ್ಪಾಗಲಾರದು.

ಹೀಗೆ ನೋಟಕರ ಅಧಿಕಾರವು ಎರಡು ಬಗೆಯದೆಂದು ಸಿದ್ಧವಾಗುತ್ತದೆ. ಒಂದು ಜೋಡಿಯ ಮೇಲಿನ ಅಧಿಕಾರ. ಇದು ಮಥುರೆಯ ಹೆಂಗಸರದು, ಪಾಯೆಸನು ಕಂಡ ನ್ಯಾಯಾಧಿಕಾರಿಗಳದು, ನಮ್ಮ ಜಾತ್ರೆಯ ಜನರದು. ಇದರಿಂದ ದುರ್ಬಲನಿಗೆ ರಕ್ಷಣೆ, ವಿದ್ಯೆಗೆ ಗೌರವ. ಇನ್ನೊಂದು ಫಲದ ಮೇಲಿನ ಅಧಿಕಾರ. ಇದು ನೂನಿಜನ ಕಣದ್ದು, ಇಂದಿನ ಕಂಪನಿಯ ಕುಸ್ತಿಯದು. ಇದರಲ್ಲಿ ಜನರು ಗೆದ್ದಂತೆ ತೋರಿದರೂ, ಅವರ ಕೂಗನ್ನು ಮಾರುವ ಸರಕಿನ ಧಾರಣೆಯನ್ನಾಗಿ ಮಾಡಿಕೊಳ್ಳುವವನೇ ನಿಜವಾಗಿ ಗೆಲ್ಲುವನು.

ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ದೊಡ್ಡ ಹೆಸರಿನ ಪೈಲವಾನನನ್ನು ದೂರದಿಂದ ಕರೆಸಿದರೆ ಜನ ಕೂಡುವರು, ಜನ ಕೂಡಿದರೆ ಹಣ ಕೂಡುವದು. ಸೋತರೆ ಹೆಸರಿನ ಬೆಲೆಯು ಇಳಿಯುವದರಿಂದ ಒಳಒಪ್ಪಂದಕ್ಕೆ ಆಸೆಯು ಹುಟ್ಟುವದು. ಹಿಂದುಸ್ಥಾನಿಯಲ್ಲಿ ‘ನೂರಾ ಕುಸ್ತಿ’ ಎಂಬ ಮಾತು ಇಂತಹ ಕಪಟಕ್ಕೇ ಹುಟ್ಟಿಕೊಂಡಿರುವದು. ಹೆಸರನ್ನೇ ನೋಡಲು ಬಂದ ಜನರು ಇದನ್ನು ಸಹಿಸಿಕೊಂಡರೆ, ಬೆಳಗಿನ ಜಾವಕ್ಕೆ ಎದ್ದು ಗರಡಿಯ ಮಣ್ಣನ್ನು ಕೆದರಿ ಸಾಮು ಮಾಡುವ ಊರ ಹುಡುಗನಿಗೆ ಕಣದಲ್ಲಿ ಎಡೆಯಿಲ್ಲದಾಗುವದು. ಸಹಿಸದೆ ‘ನಿಕಾಲಿ ಆಗಲಿ’ ಎಂದು ಕೂಗಿದರೆ ಅವನಿಗೆ ಎಡೆಯು ದೊರೆಯುವದು. ಹುಡುಗನ ಹಾಲು ಬಾದಾಮಿಯ ಖರ್ಚನ್ನು ಹೊರುವ ತಂದೆಯು ಮುಂದಿನ ವರ್ಷವೂ ಅದನ್ನು ಹೊರಬೇಕೋ ಬೇಡವೋ ಎಂಬುದು ಈ ಕೂಗಿನ ಮೇಲೆ ನಿಂತಿದೆ.

ಇನ್ನೊಂದು ಸೂಚನೆಯನ್ನು ವಾಚಕರ ಮುಂದಿಟ್ಟು ಮುಗಿಸುವೆವು. ಸೂಡಿಯ ಶಾಸನಗಳನ್ನು ನಾವು ಆದರದಿಂದ ಕಾಪಾಡುವೆವು, ಅದು ಯೋಗ್ಯವೇ. ಜಾತ್ರೆಯ ಪಟ್ಟಿಯ ಪುಸ್ತಕ, ಕುಸ್ತಿಯ ಕರಪತ್ರ, ಬೆಳ್ಳಿಯ ಕಡೆಯ ಮೇಲೆ ಕೊರೆಯಿಸಿದ ಹೆಸರು ಇವುಗಳೂ ಶಾಸನಗಳೇ ಎಂದು ಬಗೆಯಬೇಕು. ಅರಸನು ಕೊಟ್ಟ ದತ್ತಿಯನ್ನು ಕಲ್ಲು ಹೇಳುವಂತೆ, ಊರು ಕೊಟ್ಟ ದತ್ತಿಯನ್ನು ಆ ಕಾಗದಗಳು ಹೇಳುವವು. ಯಾರು ಯಾರೊಡನೆ ಹಿಡಿದರು, ಯಾವ ಜೋಡಿಗೆ ಎಷ್ಟು ಇನಾಮು, ಯಾವದು ನಿಕಾಲಿಯಾಯಿತು, ಯಾವದನ್ನು ಸಮವೆಂದು ಬಿಡಿಸಿದರು ಎಂಬ ವಿವರಗಳು ಅವುಗಳಲ್ಲಿ ಸಿಕ್ಕುವವು. ರೋಣ, ನರಗುಂದ, ಗಜೇಂದ್ರಗಡಗಳ ಊರೂರಿನ ಹಿರಿಯರು ಇವುಗಳನ್ನು ಗೆದ್ದಲಿಗೆ ಬಿಡದೆ ಕಾದಿಟ್ಟರೆ, ಮಲ್ಲರ ಚರಿತ್ರೆಯ ಜೊತೆಗೆ ಮಲ್ಲರನ್ನು ಸಾಕಿದ ಜನರ ಚರಿತ್ರೆಯನ್ನೂ ಬರೆಯುವದು ಮುಂದಿನವರಿಗೆ ಸಾಧ್ಯವಾಗುವದು.